ಶಿವನಸಮುದ್ರದಿಂದ ಫ್ಯೂಸಿನ ಪೆಟ್ಟಿಗೆಗೆ

1902ನೆಯ ಇಸವಿ ಜೂನ್ 30ರಂದು, ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಷ್ಟು ದೊಡ್ಡ ಕಾರ್ಯಕ್ಕೆ ಕೈಹಾಕುವ ಧೈರ್ಯಮಾಡಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ; 1901ರ ಸೆಪ್ಟೆಂಬರಿನಲ್ಲಿಯೇ ಅವರು ಕಾಲವಾಗಿದ್ದರು. ಬೆಂಗಳೂರಿನ ಬೀದಿಗಳು ಈ ದೀಪವನ್ನು ಕಾಣಲು 1905ರ ಆಗಸ್ಟಿನವರೆಗೆ ಕಾಯಬೇಕಾಯಿತು. ಚಿನ್ನಕ್ಕೆ ಮೊದಲು, ಬೀದಿಗೆ ಆಮೇಲೆ, ಮನೆಗೆ ಎಲ್ಲಕ್ಕೂ ಕಡೆಗೆ: ವಿದ್ಯುತ್ತು ನಮ್ಮ ನಾಡಿನಲ್ಲಿ ಹೆಜ್ಜೆಯಿಟ್ಟ ಕ್ರಮವು ಇದು.

ಆ ಜಲಪಾತವನ್ನು ನೋಡಿದವರಿಗೆ ವಿದ್ಯುತ್ತಿನ ಮೂರು ಮೂಲಭಾವನೆಗಳನ್ನು ತಿಳಿಸುವುದು ಕಷ್ಟವಲ್ಲ. ನೀರು ಎಷ್ಟು ಎತ್ತರದಿಂದ ಬೀಳುವುದೋ ಅದರಂತೆ ವೋಲ್ಟು. ಎಷ್ಟು ನೀರು ಹರಿಯುವುದೋ ಅದರಂತೆ ಆಂಪಿಯರು. ಕೊಳವೆಯ ಇಕ್ಕಟ್ಟು ಹರಿವನ್ನು ಎಷ್ಟು ತಡೆಯುವುದೋ ಅದರಂತೆ ಓಮು. ಇಟಲಿಯ ವೋಲ್ಟಾ, ಫ್ರಾನ್ಸಿನ ಆಂಪಿಯರ್, ಜರ್ಮನಿಯ ಓಮ್, ಈ ಮೂವರು ಪಂಡಿತರ ಹೆಸರುಗಳು ಹೀಗೆ ಮೂರು ಅಳತೆಗಳಾಗಿ ಉಳಿದಿವೆ. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ಬರುವುದು ವ್ಯಾಟು, ಎಂದರೆ ಕೆಲಸಮಾಡುವ ಶಕ್ತಿ. ನೂರು ಕಿಲೋವ್ಯಾಟ್ ಶಕ್ತಿಯನ್ನು ಮನೆಯ 230 ವೋಲ್ಟಿನಲ್ಲಿಯೇ ಕಳುಹಿಸಹೊರಟರೆ 430 ಆಂಪಿಯರಿಗೂ ಹೆಚ್ಚು ಪ್ರವಾಹ ಬೇಕು. 30,000 ವೋಲ್ಟಿನಲ್ಲಾದರೆ ಮೂರು ನಾಲ್ಕು ಆಂಪಿಯರು ಸಾಕು. ಇಂಗ್ಲೆಂಡಿನ ಜೂಲ್ ಎಂಬಾತನು 1841ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿ ನೆನೆಯಬೇಕು. ತಂತಿಯಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದು. ಪ್ರವಾಹವು ಇಮ್ಮಡಿಯಾದರೆ ಕಾವು ನಾಲ್ಮಡಿ. ಕೋಲಾರದ ತಂತಿಯ ಒತ್ತಡವನ್ನು ಅಷ್ಟು ಏರಿಸಿದುದು ಇದೇ ಕಾರಣದಿಂದ. ಮನೆಗಳು ಹೊತ್ತಿಕೊಳ್ಳುವುದೂ ಇದೇ ನಿಯಮದಿಂದಲೇ.

ಈ ಬೆಂಕಿಯ ಭಯವು ಮನೆಯ ತಂತಿಯ ಚರಿತ್ರೆಯಲ್ಲಿ ಮೊದಲ ಅಧ್ಯಾಯ. ಎಡಿಸನ್ನನು ನ್ಯೂಯಾರ್ಕಿನಲ್ಲಿ ದೀಪಸ್ಥಾವರವನ್ನು ತೆರೆದ 1882ರಲ್ಲಿಯೇ ಲಂಡನ್ನಿನಲ್ಲಿ ಮನೆಯ ತಂತಿಗಳಿಗೆ ನಿಯಮಾವಳಿಗಳು ಹುಟ್ಟಿದುವು. ಒಂದನ್ನು ರಚಿಸಿದುದು ಬೆಂಕಿಯ ವಿಮೆಯನ್ನು ನಡೆಸುವ ಫೀನಿಕ್ಸ್ ಸಂಸ್ಥೆ. ಮತ್ತೊಂದು ತಂತಿ ಇಂಜಿನಿಯರುಗಳ ಸಂಘದ್ದು. ಈ ಎರಡನೆಯದರ ಹೆಸರನ್ನು ಗಮನಿಸಬೇಕು: ವಿದ್ಯುದ್ದೀಪದಿಂದ ಒದಗುವ ಬೆಂಕಿಯ ಅಪಾಯವನ್ನು ನಿವಾರಿಸುವ ನಿಯಮಗಳು ಎಂದು ಅದರ ಅರ್ಥ. ಮನುಷ್ಯನ ಪ್ರಾಣದ ಮಾತು ಆ ಹೆಸರಿನಲ್ಲಿಲ್ಲ. ಮೊದಲು ರಕ್ಷಣೆ ದೊರೆತುದು ಮನೆಗೆ. ಮನೆಯೊಳಗಿನವನ ಸರದಿ ಬಹುಕಾಲದ ಮೇಲೆ ಬಂದಿತು. ಇದನ್ನು ಅರಿಯದೆ ನಮ್ಮಲ್ಲಿ ಅನೇಕರು ಫ್ಯೂಸನ್ನು ತಮ್ಮ ಪ್ರಾಣರಕ್ಷಕನೆಂದು ನಂಬಿರುವರು.

ಫ್ಯೂಸಿಗೆ ಎಡಿಸನ್ನನು 1880ರಲ್ಲಿಯೇ ಪೇಟೆಂಟು ಪಡೆದಿದ್ದನು. ಉಪಾಯವು ಬಲು ಸರಳವಾದುದು. ದಪ್ಪತಂತಿಯ ದಾರಿಯಲ್ಲಿ ಒಂದೆಡೆ ಬೇಕೆಂದೇ ದುರ್ಬಲವಾದ ತುಂಡೊಂದನ್ನು ಇಡುವುದು. ಪ್ರವಾಹವು ಮಿತಿಮೀರಿದಾಗ ಆ ತುಂಡು ಮೊದಲು ಕರಗಿ ದಾರಿಯನ್ನು ಕಡಿಯುವುದು. ನಮ್ಮ ಹಳೆಯ ಮನೆಗಳ ಪಿಂಗಾಣಿ ಹಿಡಿಯಲ್ಲಿ ಕಾಣುವ, ಕುದುರೆಬಾಲದ ಕೂದಲಿನಷ್ಟು ತೆಳುವಾದ, ತವರ ಬಳಿದ ತಾಮ್ರದ ಎಳೆ ಇದೇ. 60 ವ್ಯಾಟಿನ ಬಲ್ಬು ಕಾಲು ಆಂಪಿಯರನ್ನಷ್ಟೆ ಎಳೆಯುತ್ತದೆ. ಐದು ಆಂಪಿಯರಿನ ತಂತಿಗೆ ಅದು ಲೆಕ್ಕವಲ್ಲ. ಸ್ನಾನದ ನೀರು ಕಾಯಿಸುವ ಎರಡು ಕಿಲೋವ್ಯಾಟಿನ ಯಂತ್ರಕ್ಕೆ ಸುಮಾರು ಒಂಬತ್ತು ಆಂಪಿಯರು ಬೇಕು. ಅದನ್ನು ದೀಪದ ತಂತಿಗೆ ಸಿಕ್ಕಿಸಿದರೆ ಫ್ಯೂಸು ಹೋಗುವುದು ನ್ಯಾಯವೇ. ಆಗ ಮನೆಯ ಯಜಮಾನನು ಮಾಡುವುದೇನು? ಹಳೆಯ ವೈರಿನಿಂದ ಏಳೆಂಟು ತಾಮ್ರದ ಎಳೆಗಳನ್ನು ಹೊಸೆದು ಬಿಗಿಯುತ್ತಾನೆ. ಇನ್ನು ಹೋಗುವುದಿಲ್ಲವೆಂದು ಸಂತೋಷಪಡುತ್ತಾನೆ. ಹೌದು, ಅದು ಹೋಗುವುದಿಲ್ಲ; ಕಾಯುವುದು ಗೋಡೆಯೊಳಗಿನ ತಂತಿ. ಹಿಂದಿನ ತೇಗದ ಪಟ್ಟಿಗಳೊಳಗೆ ಆ ತಂತಿಗೆ ಹೊದಿಕೆ ರಬ್ಬರು ಮತ್ತು ನೂಲು. ಕಾವಿಗೆ ಅದು ಒಣಗಿ ಬಿರಿದು, ಕೊನೆಗೆ ಕಿಡಿ ಹಾರಿದಾಗ ಸುತ್ತಲೂ ಒಣಮರವೇ ಇರುತ್ತಿದ್ದಿತು. ಓಮನ ನಿಯಮವನ್ನು ಬಾಯಿಪಾಠ ಒಪ್ಪಿಸುವ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ತಮ್ಮ ಮನೆಯ ಫ್ಯೂಸು ಎಷ್ಟು ಆಂಪಿಯರಿನದೆಂದು ಬಲ್ಲವರು ಬಹಳ ಮಂದಿ ಇರಲಾರರು.

ಸ್ವಿಚ್ಚಿನ ಕಥೆಯು ಚಿಕ್ಕದು. ಪ್ರವಾಹವನ್ನು ಮೆಲ್ಲಗೆ ಕಡಿದರೆ ಎರಡು ತುದಿಗಳ ನಡುವೆ ಕಿಡಿ ನಿಂತು ಲೋಹವನ್ನು ಸುಡುವುದು. ನ್ಯೂಕ್ಯಾಸಲ್ಲಿನ ಹೋಮ್ಸ್ ಎಂಬಾತನು 1884ರಲ್ಲಿ ಥಟ್ಟನೆ ಕಡಿಯುವ ಸ್ವಿಚ್ಚನ್ನು ರಚಿಸಿ ಇದನ್ನು ತಪ್ಪಿಸಿದನು. ಆದರೆ ಸ್ವಿಚ್ಚು ಯಾವ ತಂತಿಯಲ್ಲಿದೆ ಎಂಬುದು ಮುಖ್ಯ. ಮನೆಗೆ ಬರುವ ಎರಡು ತಂತಿಗಳಲ್ಲಿ ಫೇಸ್ ತಂತಿಯೇ ಜೀವಂತವಾದುದು. ನ್ಯೂಟ್ರಲ್ ತಂತಿಯನ್ನು ಹೊರಗೆ ನೆಲಕ್ಕೆ ಸೇರಿಸಿರುತ್ತಾರೆ. ಸ್ವಿಚ್ಚನ್ನು ನ್ಯೂಟ್ರಲಿನಲ್ಲಿ ಕೂರಿಸಿದ್ದರೆ ದೀಪವೇನೋ ಆರುವುದು, ಬಲ್ಬಿನ ಹೋಲ್ಡರಿನಲ್ಲಿ ಮಾತ್ರ 230 ವೋಲ್ಟು ಹಾಗೆಯೇ ನಿಂತಿರುವುದು. ಎರಡು ತಂತಿಗಳಿಗೂ ಫ್ಯೂಸು ಹಾಕುತ್ತಿದ್ದ ಹಿಂದಿನ ಪದ್ಧತಿಯಲ್ಲಿಯೂ ಇದೇ ದೋಷವಿದ್ದಿತು. ನ್ಯೂಟ್ರಲಿನ ಫ್ಯೂಸು ಹೋದಾಗ ಮನೆಯೆಲ್ಲ ಕತ್ತಲು; ಕರೆಂಟು ಇಲ್ಲವೆಂದು ಕೈಯಿಟ್ಟವನಿಗೆ ಕರೆಂಟು ಸಿದ್ಧವಾಗಿರುತ್ತಿದ್ದಿತು.

ಇನ್ನು ಮನುಷ್ಯನ ವಿಚಾರ. ಎದೆಯ ಮೂಲಕ ಹಾದುಹೋಗುವ ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವು ಹೃದಯದ ಬಡಿತವನ್ನು ಕೆಡಿಸಿ ಕೊಲ್ಲಬಲ್ಲುದು. ಐದು ಆಂಪಿಯರಿನ ಫ್ಯೂಸು ತಂತಿಯಾದರೋ ಬೇಗ ಕರಗುವುದಕ್ಕೆ ಸುಮಾರು ಹತ್ತು ಆಂಪಿಯರನ್ನು ಬೇಡುವುದು. ಎಂದಮೇಲೆ ಒಬ್ಬನು ಸಾಯುತ್ತಿರುವಾಗ ಅದು ಅಲುಗದೆ ಇರುವುದರಲ್ಲಿ ಆಶ್ಚರ್ಯವಿಲ್ಲ. ಫ್ಯೂಸನ್ನು ಮನುಷ್ಯನ ಸಹಾಯಕ್ಕೆ ಕರೆಯುವುದು ಮೂರನೆಯ ತಂತಿ, ಅರ್ತ್ ತಂತಿ. ಇಸ್ತ್ರಿಪೆಟ್ಟಿಗೆಯ ಲೋಹದ ಮೈಗೆ ಫೇಸ್ ತಗುಲಿದಾಗ ಈ ತಂತಿಯು ಅದಕ್ಕೆ ಸುಗಮವಾದ ದಾರಿಯನ್ನು ಕೊಡುವುದು. ಹತ್ತಾರು ಆಂಪಿಯರು ಹರಿದು ಫ್ಯೂಸು ಕರಗುವುದು. ಇದರಿಂದಲೇ ಪ್ಲಗ್ಗಿಗೆ ಮೂರನೆಯ ಕಾಲು, ಅದೂ ಮೊದಲು ಮುಟ್ಟಲೆಂದು ಉಳಿದೆರಡಕ್ಕಿಂತ ಉದ್ದವಾಗಿ. 1950ರ ದಶಕದಲ್ಲಿ ಇನ್ನೂ ಸೂಕ್ಷ್ಮವಾದ ಉಪಕರಣವು ಬಂದಿತು. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಇರುವ ವ್ಯತ್ಯಾಸವನ್ನು ಇದು ತೂಗಿ ನೋಡುತ್ತದೆ. ಇಂದು ಮನೆಗಳಲ್ಲಿ ಇಡುವಂಥದು 30 ಮಿಲಿಆಂಪಿಯರು ಸೋರಿದರೆ ಕ್ಷಣಾರ್ಧದಲ್ಲಿ ತಂತಿಯನ್ನು ಕಡಿಯುವುದು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ, ಅದು ಕಡಿಯುವುದೋ ಇಲ್ಲವೋ ಎಂದು ನೋಡಬೇಕು.

ಅರ್ತ್ ತಂತಿಯು ಹೋಗಿ ಸೇರುವ ಗುಂಡಿಯನ್ನು ಮಾತ್ರ ಯಾರೂ ಲಕ್ಷಿಸುವುದಿಲ್ಲ. ಹಳೆಯ ಕ್ರಮದಲ್ಲಿ ಅಲ್ಲಿ ಇದ್ದಿಲನ್ನೂ ಉಪ್ಪನ್ನೂ ತುಂಬುವುದು ತೇವವನ್ನು ಹಿಡಿದಿಡಲೆಂದು. ಒಣಗಿದ ಮಣ್ಣಿಗೆ ಓಮು ಹೆಚ್ಚು, ಪ್ರವಾಹವು ಅದರಲ್ಲಿ ಇಳಿಯದು. ಬೇಸಗೆಯಲ್ಲಿ ತುಳಸಿಯ ಕಟ್ಟೆಗೆ ನೀರೆರೆಯುವವರು ಮನೆಯ ಹಿಂದಿನ ಆ ಗುಂಡಿಗೂ ಒಂದೆರಡು ಕೊಡ ನೀರನ್ನು ಹೊಯ್ಯಬಹುದು.