ತರಗತಿ ಶಿಕ್ಷಕರಿಗೆ ಗಣಕ ಸಾಧನಗಳು ಹಾಗೂ ಕನ್ನಡ ತಂತ್ರಾಂಶಗಳು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ಭಾಗದ ಶಾಲೆಗಳಿಗೆ ಸಂಬಂಧಿಸಿದ ಮಾಹಿತಿ

ಕರಿಹಲಗೆ, ಸೀಮೆಸುಣ್ಣ, ಭೂಪಟ ಮತ್ತು ಮಣಿಚೌಕಟ್ಟುಗಳ ಜೊತೆಗೆ ಗಣಕಯಂತ್ರ, ಪ್ರೊಜೆಕ್ಟರ್ ಹಾಗೂ ಸ್ಮಾರ್ಟ್‌ಫೋನ್‌ಗಳೂ ಇಂದು ಪಾಠೋಪಕರಣಗಳ ಸಾಲಿಗೆ ಸೇರಿವೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಈ ಸಾಧನಗಳ ಬಳಕೆ ಎಲ್ಲೆಡೆ ಒಂದೇ ರೀತಿಯಲ್ಲಿರಲು ಸಾಧ್ಯವಿಲ್ಲ. ಕಾವೇರಿ ನಾಲೆಗಳ ಬಯಲಿನಲ್ಲಿರುವ ಕೆ.ಆರ್.ನಗರದ ಶಾಲೆಯ ಪರಿಸ್ಥಿತಿ ಬೇರೆ, ನಾಗರಹೊಳೆ ಅರಣ್ಯದ ಅಂಚಿನಲ್ಲಿರುವ ಎಚ್.ಡಿ.ಕೋಟೆ ಭಾಗದ ಹಾಡಿಯ ಶಾಲೆಯ ಪರಿಸ್ಥಿತಿ ಬೇರೆ. ಆದುದರಿಂದ ಯಾವುದೇ ತಂತ್ರಾಂಶವನ್ನು ತರಗತಿಗೆ ಆಯ್ದುಕೊಳ್ಳುವ ಮುನ್ನ ಎರಡು ಅಂಶಗಳನ್ನು ಪರಿಶೀಲಿಸುವುದು ಅವಶ್ಯ. ಶಿಕ್ಷಕರು ತಾವೇ ಸಿದ್ಧಪಡಿಸಿದ ಸಾಮಗ್ರಿಯನ್ನು ಕನ್ನಡದಲ್ಲಿ ಅದರೊಳಗೆ ಸೇರಿಸಲು ಸಾಧ್ಯವೇ? ಜಾಲಸಂಪರ್ಕ ಇಲ್ಲದ ದಿನವೂ ಅದು ಕೆಲಸ ಮಾಡುತ್ತದೆಯೇ?

ಹಿನ್ನೆಲೆ

ಶಿಕ್ಷಕರೇ ಬೋಧನಾ ಸಾಧನವನ್ನು ರೂಪಿಸಿದ ನಿದರ್ಶನವನ್ನು ಹುಡುಕಿಕೊಂಡು ಈ ಭಾಗದವರು ದೂರ ಹೋಗಬೇಕಾಗಿಲ್ಲ. ಇಂದು ರಾಜ್ಯದಾದ್ಯಂತ ಪರಿಚಿತವಾಗಿರುವ ನಲಿಕಲಿ ಪದ್ಧತಿಯು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದದ್ದು ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ. ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು, ಅಲ್ಲಿನ ಕ್ರಮವನ್ನು ತಮ್ಮ ಶಾಲೆಗಳಿಗೆ ಹೊಂದುವಂತೆ ಮಾರ್ಪಡಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ಕಾರ್ಡುಗಳನ್ನು ಸಿದ್ಧಪಡಿಸಿ, ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಏರುವ ವ್ಯವಸ್ಥೆ ಇದಾಗಿದೆ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಿರ್ವಹಿಸಬೇಕಾದ ಶಾಲೆಗಳಲ್ಲಿ ಇದರ ಪ್ರಯೋಜನ ಹೆಚ್ಚು. 2009-10ನೇ ಸಾಲಿನಲ್ಲಿ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಲಾಯಿತು. ಕಾರ್ಡು ಮಗುವಿಗೆ ಹೊಂದದಿದ್ದಲ್ಲಿ ಶಿಕ್ಷಕರು ಅದರ ಪಕ್ಕದಲ್ಲಿ ತಾವೇ ಬರೆದ ಮತ್ತೊಂದು ಕಾರ್ಡನ್ನು ಇಡಬಹುದು. ಗಣಕ ಸಾಧನಗಳಿಂದಲೂ ಇಷ್ಟನ್ನು ನಿರೀಕ್ಷಿಸುವುದು ನ್ಯಾಯವಾದುದು.

ಆದರೆ ಗಣಕ ತಂತ್ರಜ್ಞಾನವು ಶಾಲೆಗಳಿಗೆ ಮೊದಲು ಬಂದದ್ದು ಈ ರೂಪದಲ್ಲಲ್ಲ. 2001ರಲ್ಲಿ ಆರಂಭವಾದ ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಒಂದು ಪ್ರತ್ಯೇಕ ವಿಷಯವಾಗಿ ಪರಿಚಯಿಸಲಾಯಿತು. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡಿತು. 1997ರವರೆಗೆ ಮೈಸೂರು ಜಿಲ್ಲೆಯ ಭಾಗವೇ ಆಗಿದ್ದ ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಾಯೋಗಿಕ ಪಾಠಗಳು ಪ್ರಸಾರವಾದವು. ಅತ್ಯುತ್ತಮ ಪಾಠಗಳು ಹಳ್ಳಿಯ ಶಾಲೆಯನ್ನು ತಲುಪಿದ್ದು ಇದರ ಹೆಗ್ಗಳಿಕೆ. ಆದರೆ ಪ್ರಸಾರದ ಪಾಠವನ್ನು ನಡುವೆ ನಿಲ್ಲಿಸಿ, ಅರ್ಥವಾಗದ ಮಗುವಿಗೆ ಮತ್ತೊಮ್ಮೆ ಹೇಳುವ ಅವಕಾಶ ಶಿಕ್ಷಕರ ಕೈಯಲ್ಲಿರಲಿಲ್ಲ. ಆ ಉಪಗ್ರಹದ ಸೇವೆ 2010ರಲ್ಲಿ ಕೊನೆಗೊಂಡಿತು.

ಕನ್ನಡ ಅಕ್ಷರಗಳ ಸಮಸ್ಯೆ ಮತ್ತು ಪರಿಹಾರ

ಶಿಕ್ಷಕರು ಅತಿ ಹೆಚ್ಚು ಬಾರಿ ಎದುರಿಸುವ ತೊಂದರೆ ಅಕ್ಷರಗಳಿಗೆ ಸಂಬಂಧಿಸಿದ್ದು. ಹಲವು ವರ್ಷ ಶ್ರಮವಹಿಸಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ, ಟಿಪ್ಪಣಿ ಹಾಗೂ ಅಭ್ಯಾಸ ಹಾಳೆಗಳನ್ನು ಹೊಸ ಗಣಕಯಂತ್ರದಲ್ಲಿ ತೆರೆದಾಗ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ ಕನ್ನಡದ ಬದಲು ರೋಮನ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಕಾಣಿಸಿಕೊಳ್ಳುತ್ತವೆ. ಕಡತ ಕೆಟ್ಟಿದೆ ಎಂದು ಭಾವಿಸಿ ಅಳಿಸಿಹಾಕುವವರೂ ಇದ್ದಾರೆ. ವಾಸ್ತವವಾಗಿ ಕಡತ ಕೆಟ್ಟಿರುವುದಿಲ್ಲ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ ಹಾಗೂ ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಗಳು ಗಣಕಯಂತ್ರದಲ್ಲಿ ಕನ್ನಡ ಬರವಣಿಗೆಯನ್ನು ಮನೆಮಾತಾಗಿಸಿದವು. ಅಂದಿನ ಕ್ರಮದಲ್ಲಿ ರೋಮನ್ ಅಕ್ಷರಗಳಿಗೆಂದು ನಿಗದಿಯಾದ ಸ್ಥಾನಗಳಲ್ಲೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಗುತ್ತಿತ್ತು. ಆ ನಿರ್ದಿಷ್ಟ ಅಕ್ಷರಶೈಲಿ ಇದ್ದಲ್ಲಿ ಮಾತ್ರ ಕನ್ನಡ ಕಾಣುತ್ತದೆ; ಇಲ್ಲದಿದ್ದಲ್ಲಿ ಕೆಳಗಿರುವ ರೋಮನ್ ಸಂಕೇತಗಳು ಹೊರಬರುತ್ತವೆ. ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗವಿದ್ದು, ‘ಕ’ ಎಂಬ ಅಕ್ಷರ ಯಾವ ಯಂತ್ರದಲ್ಲಿ ತೆರೆದರೂ ‘ಕ’ ಆಗಿಯೇ ಇರುತ್ತದೆ. ನುಡಿ ಮತ್ತು ಬರಹ ಎರಡೂ ಅನಂತರದ ಆವೃತ್ತಿಗಳಲ್ಲಿ ಯೂನಿಕೋಡ್ ಅನ್ನು ಅಳವಡಿಸಿಕೊಂಡಿವೆ. ಆದರೂ ಅಭ್ಯಾಸಬಲದಿಂದ ಹಳೆಯ ಶೈಲಿಯಲ್ಲೇ ಬೆರಳಚ್ಚು ಮಾಡುವುದು ಇನ್ನೂ ನಿಂತಿಲ್ಲ.

ಈ ವ್ಯತ್ಯಾಸವು ಕೇವಲ ಅಂದಚಂದದ ವಿಷಯವಲ್ಲ. ಯೂನಿಕೋಡ್‌ನಲ್ಲಿರುವ ಪಾಠವನ್ನು ಹುಡುಕಬಹುದು, ತಿದ್ದಬಹುದು, ಫೋನಿನಲ್ಲಿ ಓದಬಹುದು. ಎಲ್ಲಕ್ಕಿಂತ ಮಿಗಿಲಾಗಿ, ದೃಷ್ಟಿದೋಷವುಳ್ಳ ಮಗುವಿಗೆ ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಮಾತ್ರ ಕನ್ನಡವೆಂದು ಗುರುತಿಸುತ್ತವೆ. ಹಳೆಯ ಶೈಲಿಯಲ್ಲಿರುವ ಟಿಪ್ಪಣಿ ಆ ಮಗುವಿನ ಪಾಲಿಗೆ ಇಲ್ಲವೆಂದೇ ಅರ್ಥ.

ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಾಯಿಸಬಹುದು. ಮೊದಲು ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳತಕ್ಕದ್ದು. ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಕಣ್ಣಿಟ್ಟು ಓದಬೇಕು. ಕಡತದ ನಡುವೆ ಇಂಗ್ಲಿಷ್ ಪದಗಳಿದ್ದಲ್ಲಿ ಅವೂ ಅರ್ಥಹೀನ ಕನ್ನಡವಾಗಿ ಮಾರ್ಪಡುವುದರಿಂದ ವಿಜ್ಞಾನ ಹಾಗೂ ಗಣಿತ ಶಿಕ್ಷಕರು ಸೂತ್ರಗಳನ್ನು ವಿಶೇಷವಾಗಿ ಪರಿಶೀಲಿಸಬೇಕು.

ಕೀಲಿಮಣೆಯ ವಿಷಯದಲ್ಲಿ ಆತಂಕಕ್ಕೆ ಕಾರಣವಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯೇ ಯೂನಿಕೋಡ್ ಬರವಣಿಗೆಗೂ ಲಭ್ಯವಿದೆ. ಬೆರಳಚ್ಚು ಬಾರದವರಿಗೆ ಫೋನಿನ ಧ್ವನಿ ಬರವಣಿಗೆ ಅನುಕೂಲಕರ. ಗೂಗಲ್ ಸಂಸ್ಥೆ 2017ರಲ್ಲಿ ಈ ಸೌಲಭ್ಯವನ್ನು ಕನ್ನಡಕ್ಕೂ ವಿಸ್ತರಿಸಿತು. ಮಕ್ಕಳ ಗದ್ದಲವಿರುವ ಕೊಠಡಿಯಲ್ಲಿ ಇದನ್ನು ಬಳಸಿ ಫಲವಿಲ್ಲ. ಮುದ್ರಿತ ಪುಟದ ಛಾಯಾಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳೂ ಇವೆ. ‘ದ’ ಮತ್ತು ‘ಧ’ಗಳಂತಹ ಹೋಲುವ ಅಕ್ಷರಗಳಲ್ಲಿ ಅವು ತಪ್ಪುವುದುಂಟು.

ವಿಷಯ ಬೋಧನೆಯ ತಂತ್ರಾಂಶಗಳು

ಪ್ರೌಢಶಾಲೆಯ ರೇಖಾಗಣಿತಕ್ಕೆ ಜಿಯೋಜೀಬ್ರಾ ಉಚಿತವಾಗಿ ದೊರೆಯುತ್ತದೆ. ತ್ರಿಭುಜದ ಒಂದು ಶೃಂಗವನ್ನು ಎಳೆದಂತೆ ಕೋನಗಳ ಅಳತೆ ಬದಲಾಗುತ್ತಾ, ಅವುಗಳ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ಉಳಿಯುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ ಯೋಜನೆಯ ಪ್ರಯೋಗಗಳಿದ್ದು, ಅನೇಕವು ಕನ್ನಡದಲ್ಲೂ ದೊರೆಯುತ್ತವೆ. ಇವೆರಡನ್ನೂ ಒಮ್ಮೆ ಇಳಿಸಿಕೊಂಡರೆ ಅನಂತರ ಜಾಲಸಂಪರ್ಕದ ಅಗತ್ಯವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಫ್ಲ್ಯಾಶ್ ತಂತ್ರಾಂಶವನ್ನು ನೆಚ್ಚಿದ್ದ ಹಳೆಯ ಪಾಠಗಳು 2020ರ ಡಿಸೆಂಬರ್ ಅಂತ್ಯಕ್ಕೆ ಅದರ ಬೆಂಬಲ ನಿಂತಾಗ ನಿರುಪಯುಕ್ತವಾದವು.

ಲಿಬ್ರೆಆಫೀಸ್‌ನ ಲೆಕ್ಕಹಾಳೆಯನ್ನು ಹಲವರು ಅಂಕಪಟ್ಟಿಗೆ ಮಾತ್ರ ಬಳಸುತ್ತಾರೆ. ಅದು ಬೋಧನೆಗೂ ಒದಗುತ್ತದೆ. ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ. ಮುಂಗಾರಿನಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗುವ ನೀರಿನ ಮಟ್ಟವನ್ನು ಮಕ್ಕಳಿಂದಲೇ ಪ್ರತಿದಿನ ನಮೂದಿಸಿ ನಕ್ಷೆ ಬರೆಸಿದಲ್ಲಿ ಅಂಕಿಅಂಶ ಶಾಸ್ತ್ರದ ಪಾಠ ಅವರ ಊರಿನ ಹೊಲಗದ್ದೆಗಳಿಗೆ ಸಂಬಂಧಿಸಿದ ಪಾಠವೂ ಆಗುತ್ತದೆ.

ಇಂತಹ ಸಾಮಗ್ರಿಯನ್ನು ಶಿಕ್ಷಕರೇ ಬರೆದು ಹಂಚಿಕೊಳ್ಳಲು ಅವಕಾಶ ನೀಡಿದ ಪ್ರಯತ್ನಗಳಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಗಮನಾರ್ಹ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದೊಂದಿಗೆ ಇದು ಬೆಳೆಯಿತು. ವಿಕಿಪೀಡಿಯದಂತೆಯೇ ಇಲ್ಲಿಯೂ ಪುಟಗಳನ್ನು ತಿದ್ದಿ ಬೆಳೆಸುವ ವ್ಯವಸ್ಥೆಯಿದೆ.

ದೀಕ್ಷಾ ಮತ್ತು ಕ್ಯೂಆರ್ ಸಂಕೇತ

2017ರ ಸೆಪ್ಟೆಂಬರ್ 5ರಂದು ಲೋಕಾರ್ಪಣೆಗೊಂಡ ದೀಕ್ಷಾ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯೂಆರ್ ಸಂಕೇತದ ಮೂಲಕ ತೆರೆಯಬಹುದು. ಪುಸ್ತಕ ಹಳೆಯದಾಗಿ ಚೌಕ ಮಾಸಿಹೋಗಿದ್ದಲ್ಲಿ ಅದರ ಬಳಿ ಮುದ್ರಿಸಿರುವ ಆರು ಅಕ್ಷರ-ಅಂಕಿಗಳನ್ನು ನಮೂದಿಸಿದರೂ ಸಾಕು. ಸಂಪರ್ಕ ಚೆನ್ನಾಗಿರುವ ಪಟ್ಟಣದಲ್ಲಿದ್ದಾಗಲೇ ವಾರದ ಪಾಠಗಳನ್ನು ಇಳಿಸಿಟ್ಟುಕೊಳ್ಳುವುದು ಕಾಡಂಚಿನ ಶಾಲೆಗಳ ಶಿಕ್ಷಕರಿಗೆ ಹಿತಕರ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗಾಗಿ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರು ಮಕ್ಕಳ ವಾಸಸ್ಥಳಗಳಿಗೇ ತೆರಳಿ ಪಾಠ ಮಾಡಬೇಕಾಯಿತು. ಸಾಧನ ಶಿಕ್ಷಕರ ಬಳಿ ಇದ್ದರೆ ಸಾಲದು, ಮಗುವಿನ ಮನೆಯ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಆಗ ಸ್ಪಷ್ಟವಾಯಿತು.

ಹಾಡಿಯ ಮಕ್ಕಳ ಮನೆಮಾತು

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ.ಕೋಟೆ ಭಾಗದ ಹಾಡಿಗಳಿಂದ ಬರುವ ಜೇನುಕುರುಬ ಮಕ್ಕಳ ಮನೆಮಾತು ಪಠ್ಯಪುಸ್ತಕದ ಕನ್ನಡವಲ್ಲ. ಬೈಲಕುಪ್ಪೆ ಸುತ್ತಿನಲ್ಲಿ ಟಿಬೆಟನ್ ಭಾಷೆಯೂ ಕೇಳಿಬರುತ್ತದೆ. ಪುಸ್ತಕದ ಮೊದಲ ಪುಟವೇ ಅಪರಿಚಿತವಾದಾಗ ಮಗು ಮೌನಕ್ಕೆ ಶರಣಾಗುತ್ತದೆ. ಈ ಮೌನವನ್ನು ದಡ್ಡತನವೆಂದು ತಿಳಿಯುವುದು ದೊಡ್ಡ ಅನ್ಯಾಯ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಚಿತ್ರಪುಸ್ತಕಗಳಿವೆ. ಅಲ್ಲಿನ ಚಿತ್ರಗಳನ್ನು ಬಳಸಿ ಶಿಕ್ಷಕರು ಹೊಸ ಕಥೆಯನ್ನೂ ರಚಿಸಬಹುದು. ಹಾಡಿಯ ಹಿರಿಯರು ಹೇಳುವ ಕಥೆಯನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಅವರ ನುಡಿಯಲ್ಲೇ ಕನ್ನಡ ಲಿಪಿಯಲ್ಲಿ ಒಂದು ಸಾಲು, ಅದರ ಕೆಳಗೆ ಶಾಲೆಯ ಕನ್ನಡದಲ್ಲಿ ಒಂದು ಸಾಲು ಬರೆದು ಎಂಟು ಪುಟಗಳ ಪುಸ್ತಕ ಮಾಡಲು ದುಬಾರಿ ಉಪಕರಣವೇನೂ ಬೇಡ. ಮುದ್ರಿಸಿದ ಆ ಹಾಳೆಗಳನ್ನು ನಲಿಕಲಿ ಕಾರ್ಡುಗಳ ಜೊತೆಯಲ್ಲೇ ಇಡಬಹುದು.

ಕೃತಕ ಬುದ್ಧಿಮತ್ತೆ ಆಧಾರಿತ ಪಾಠಯೋಜನೆ

ಶಿಕ್ಷಣ ಫೌಂಡೇಶನ್ ಸಂಸ್ಥೆಯು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಹಯೋಗದಲ್ಲಿ 2023ರಲ್ಲಿ ಶಿಕ್ಷಾ ಕೋಪೈಲಟ್ ಎಂಬ ಸಾಧನವನ್ನು ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರೊಂದಿಗೆ ಪ್ರಯೋಗಕ್ಕೆ ಒಳಪಡಿಸಿತು. ಪಠ್ಯಪುಸ್ತಕವನ್ನು ಆಧರಿಸಿ ಪಾಠಯೋಜನೆಯ ಕರಡನ್ನು ಇದು ಸಿದ್ಧಪಡಿಸುತ್ತದೆ. ಇಂತಹ ಸಾಧನಗಳಿಂದ ಶಿಕ್ಷಕರ ಸಮಯ ಉಳಿಯುವುದು ನಿಜ. ಆದರೆ ಯಂತ್ರ ನೀಡುವ ಕನ್ನಡ ಹಲವು ವೇಳೆ ಅನುವಾದದ ಕನ್ನಡವಾಗಿರುತ್ತದೆ. ಅಂಕಿಗಳು ಮತ್ತು ಇಸವಿಗಳು ತಪ್ಪಾಗಿದ್ದರೂ ವಾಕ್ಯ ಮಾತ್ರ ಆತ್ಮವಿಶ್ವಾಸದಿಂದಲೇ ಇರುತ್ತದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನು ನಿತ್ಯ ಕಾಣುವ ಮಗುವಿಗೆ ಉಷ್ಣ ಪ್ರಸರಣವನ್ನು ವಿವರಿಸಲು ನಗರದ ಉದಾಹರಣೆ ಏಕೆ? ಅದನ್ನು ಬದಲಿಸುವವರು ಶಿಕ್ಷಕರೇ. ಮಕ್ಕಳ ಹೆಸರು, ಭಾವಚಿತ್ರ, ಸ್ಯಾಟ್ಸ್ ಸಂಖ್ಯೆ, ಆರೋಗ್ಯದ ವಿವರಗಳನ್ನು ಇಂತಹ ತಾಣಗಳಲ್ಲಿ ನಮೂದಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಸಮ್ಮತಿಯನ್ನು ವಿಧಿಸುತ್ತದೆ.

ಮಾರ್ಗದರ್ಶನ

ತಂತ್ರಾಂಶಗಳ ಬಳಕೆಯ ಕುರಿತು ಶಿಕ್ಷಕರು ತಮ್ಮ ಸಮೂಹ ಸಂಪನ್ಮೂಲ ಕೇಂದ್ರ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಮೈಸೂರಿನ ವಸಂತಮಹಲ್‌ನಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ವಿಚಾರಿಸಬಹುದು. ಹಳೆಯ ಅಕ್ಷರಶೈಲಿಯ ಕಡತಗಳನ್ನು ಪರಿವರ್ತಿಸಿಕೊಳ್ಳುವವರು ಮೂಲ ಕಡತದೊಂದಿಗೆ ಅದರಲ್ಲಿ ಬಳಸಿದ ಅಕ್ಷರಶೈಲಿಯ ಹೆಸರನ್ನೂ ಬರೆದುಕೊಂಡು ಹೋಗುವುದು ಸೂಕ್ತ.