ಹೊಗೆಕೊಳವೆಯ ವಿದ್ಯೆ

ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಸದ್ದು ನಮಗೆಲ್ಲ ಪರಿಚಿತ. ಅವು ಟೂ-ಸ್ಟ್ರೋಕ್ ಎಂಜಿನ್ನಿನವು. ಈ ಬಗೆಯ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ಕೊರತೆಯುಂಟು: ಸುಟ್ಟ ಹೊಗೆ ಹೊರಬೀಳುವಾಗ ಹೊಸ ಪೆಟ್ರೋಲು-ಗಾಳಿಯ ಮಿಶ್ರಣವೂ ಕೊಂಚ ಅದರ ಬೆನ್ನು ಹತ್ತಿ ಹೊರಟುಬಿಡುತ್ತದೆ.

ಇದರ ಪರಿಹಾರವನ್ನು ಪಕ್ವಗೊಳಿಸಿದವರು ಪೂರ್ವ ಜರ್ಮನಿಯ ಚೋಪೌ ಪಟ್ಟಣದ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. 1950ರ ದಶಕದಲ್ಲಿ ಅವರು ಹೊಗೆಕೊಳವೆಯನ್ನು ಮೊದಲು ಅಗಲವಾಗಿ, ಬಳಿಕ ಕಿರಿದಾಗುವಂತೆ ರೂಪಿಸಿದರು. ಅಗಲದ ಭಾಗದಿಂದ ಮರಳುವ ಅಲೆ ಹೊಗೆಯನ್ನು ಸೆಳೆಯುತ್ತದೆ. ಕಿರಿದಾದ ಭಾಗದಿಂದ ಮರಳುವ ಅಲೆ ಸೋರಿದ ಮಿಶ್ರಣವನ್ನು ಸಿಲಿಂಡರಿಗೇ ತಳ್ಳುತ್ತದೆ. ಒಳಹರಿವಿಗೆ ತಿರುಗುವ ತಟ್ಟೆಯ ಕವಾಟವನ್ನಿಟ್ಟರು. 1961ರ ವೇಳೆಗೆ 125 ಸಿ.ಸಿ.ಯ ಪುಟ್ಟ ಎಂಜಿನ್ನು 25 ಅಶ್ವಶಕ್ತಿ ನೀಡಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಪಂದ್ಯಕ್ಕೆ ಹೋಗಿದ್ದ ಎಂ.ಜೆಡ್. ಸವಾರ ಅರ್ನ್ಸ್ಟ್ ಡೆಗ್ನರ್ ತಾಯ್ನಾಡಿಗೆ ಮರಳಲಿಲ್ಲ. ಜಪಾನಿನ ಸುಜುಕಿಯನ್ನು ಸೇರಿದರು. ಕಾಡೆನ್ನರ ವಿದ್ಯೆಯೂ ಅವರೊಡನೆ ಹೋಯಿತು. 1962ರಲ್ಲಿ ಡೆಗ್ನರ್ 50 ಸಿ.ಸಿ. ವಿಶ್ವಪ್ರಶಸ್ತಿ ಗೆದ್ದರು, ಸುಜುಕಿಗೆ ಅದೇ ಮೊದಲನೆಯದು. ಕಾಡೆನ್ ಚೋಪೌನಲ್ಲೇ ದುಡಿಯುತ್ತ ಉಳಿದರು, 1996ರಲ್ಲಿ ತೀರಿಕೊಂಡರು.

ನಮ್ಮ ತರುಣರು ಸೈಲೆನ್ಸರ್ ಕೊರೆಸಿ, ಏರ್ ಫಿಲ್ಟರ್ ಕಿತ್ತೆಸೆದು ವೇಗ ಹೆಚ್ಚಿತೆಂದು ಬೀಗುವುದನ್ನು ನಾವು ಕಾಣುತ್ತೇವೆ. ಹೆಚ್ಚುವುದು ಗದ್ದಲ ಮಾತ್ರ. ಧೂಳು ನುಗ್ಗಿ ಎಂಜಿನ್ನು ಬೇಗ ಸವೆಯುತ್ತದೆ. ಕೊಳವೆಯ ಉದ್ದ, ಅಗಲ, ಎಂಜಿನ್ನಿನ ವೇಗ ಇವು ಮೂರೂ ಹೊಂದಿದರಷ್ಟೇ ಶಕ್ತಿ. ಆ ಲೆಕ್ಕವನ್ನು ತಾಳ್ಮೆಯಿಂದ ಬಿಡಿಸಿದವರಿಗೆ ಕಿರೀಟ ದಕ್ಕಲಿಲ್ಲ. ಹೆಸರನ್ನಾದರೂ ನಾವು ನೆನೆಯೋಣ.