ರೀಚಾರ್ಜಬಲ್ ಬ್ಯಾಟರಿ ಮತ್ತು ಚಾರ್ಜರ್ ಖರೀದಿ: ರಾಜಗೋಪಾಲನಗರ ಮತ್ತು ಪೀಣ್ಯ ಪ್ರದೇಶದ ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ರಾಜಗೋಪಾಲನಗರವು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಬಡಾವಣೆಯಾಗಿದ್ದು, ಇಲ್ಲಿ ಕಾರ್ಖಾನೆಗಳ ಕಾರ್ಮಿಕರು ಹಾಗೂ ಅವರ ಕುಟುಂಬಗಳು ಹೆಚ್ಚಿನ ಸಂಖ್ಯೆಯಲ್ಲಿ ವಾಸಿಸುತ್ತಿವೆ. ಟಾರ್ಚ್, ಗಡಿಯಾರ, ರಕ್ತದೊತ್ತಡ ಮಾಪಕ, ಮಕ್ಕಳ ಆಟಿಕೆ, ಮೊಬೈಲ್ ಮುಂತಾದವುಗಳಿಗೆ ಬ್ಯಾಟರಿ ಅಥವಾ ಚಾರ್ಜರ್ ಕೊಳ್ಳುವಾಗ ಕಡಿಮೆ ದರವನ್ನು ಮಾತ್ರ ನೋಡಿ ಕೊಂಡಲ್ಲಿ ಹಣ ನಷ್ಟವಾಗುವುದಲ್ಲದೆ, ಬೆಂಕಿ ಅಪಾಯಕ್ಕೂ ಅವಕಾಶವಾಗುತ್ತದೆ. ಬ್ಯಾಟರಿಯ ನಿಜವಾದ ಬೆಲೆಯನ್ನು ಅದು ಎಷ್ಟು ಬಾರಿ ಚಾರ್ಜ್ ಆಗಿ ಕೆಲಸ ಮಾಡುತ್ತದೆ ಎಂಬುದರಿಂದ ಅಳೆಯತಕ್ಕದ್ದು. ಈ ಬಗ್ಗೆ ಗ್ರಾಹಕರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

2. ಬ್ಯಾಟರಿಗಳ ವಿಧಗಳು

ಅ) ನಿಕಲ್ ಮೆಟಲ್ ಹೈಡ್ರೈಡ್: ಪೆನ್ಸಿಲ್ ಸೆಲ್ ಎಂದು ಕರೆಯಲ್ಪಡುವ ಎಎ ಮತ್ತು ಎಎಎ ಅಳತೆಗಳಲ್ಲಿ ದೊರೆಯುತ್ತದೆ. ಇದರ ವೋಲ್ಟೇಜ್ 1.2 ಆಗಿದ್ದು, ಸಾಮಾನ್ಯ ಸೆಲ್‌ನ 1.5 ವೋಲ್ಟ್‌ಗಿಂತ ಕಡಿಮೆ ಇದ್ದರೂ ಬಹುತೇಕ ಉಪಕರಣಗಳು ಸರಿಯಾಗಿ ಕೆಲಸ ಮಾಡುತ್ತವೆ. ಇವುಗಳಲ್ಲಿ ಬಳಸದೆ ಇಟ್ಟಾಗಲೂ ಚಾರ್ಜ್ ಉಳಿಸಿಕೊಳ್ಳುವ ಸೆಲ್‌ಗಳು 2005ರಿಂದ ಮಾರುಕಟ್ಟೆಯಲ್ಲಿವೆ. ತುರ್ತು ಟಾರ್ಚ್‌ನಂತಹ ಉಪಕರಣಗಳಿಗೆ ಇಂತಹ ಸೆಲ್‌ಗಳೇ ಸೂಕ್ತ.

ಆ) ಲಿಥಿಯಂ ಅಯಾನ್: ಮೊಬೈಲ್, ಪವರ್ ಬ್ಯಾಂಕ್ ಹಾಗೂ ಹೊಸ ಮಾದರಿಯ ಟಾರ್ಚ್‌ಗಳಲ್ಲಿ ಬಳಕೆಯಲ್ಲಿದೆ. ಇದರ ವೋಲ್ಟೇಜ್ ಸಾಮಾನ್ಯವಾಗಿ 3.7 ಆಗಿರುತ್ತದೆ. ಇದನ್ನು ನಿಕಲ್ ಸೆಲ್‌ಗಳ ಚಾರ್ಜರ್‌ನಲ್ಲಿ ಯಾವ ಕಾರಣಕ್ಕೂ ಹಾಕಬಾರದು.

ಇ) ಸೀಸ-ಆಮ್ಲ: ಕೆಲವು ತುರ್ತು ದೀಪಗಳು ಮತ್ತು ದೊಡ್ಡ ಟಾರ್ಚ್‌ಗಳಲ್ಲಿರುತ್ತದೆ. ಪೂರ್ಣ ಖಾಲಿಯಾದ ಸ್ಥಿತಿಯಲ್ಲಿ ಬಹುಕಾಲ ಇಟ್ಟರೆ ಕೆಡುವುದರಿಂದ ಬಳಸಿದ ಕೂಡಲೇ ಚಾರ್ಜ್ ಮಾಡತಕ್ಕದ್ದು.

3. ಉಳಿತಾಯದ ಲೆಕ್ಕಾಚಾರ

ರೀಚಾರ್ಜಬಲ್ ಬ್ಯಾಟರಿ ಎಲ್ಲ ಬಳಕೆಗೂ ಲಾಭದಾಯಕವಲ್ಲ. ಈ ಕೆಳಗಿನ ದರಗಳು ಲೆಕ್ಕ ತಿಳಿಯಲು ನೀಡಿದ ಉದಾಹರಣೆ ಮಾತ್ರ.

ತಿಂಗಳಿಗೆ 4 ಸಾಮಾನ್ಯ ಸೆಲ್ ಬಳಸುವ ಮನೆಯಲ್ಲಿ, ಸೆಲ್ ಒಂದಕ್ಕೆ 30 ರೂ. ಎಂದರೆ ವರ್ಷಕ್ಕೆ 1,440 ರೂ. ಖರ್ಚಾಗುತ್ತದೆ. 200 ರೂ. ದರದ 4 ರೀಚಾರ್ಜಬಲ್ ಸೆಲ್ ಮತ್ತು 700 ರೂ. ದರದ ಚಾರ್ಜರ್ ಕೊಂಡರೆ ಒಟ್ಟು ಖರ್ಚು 1,500 ರೂ. ಆಗುತ್ತದೆ. ಈ ಮೊತ್ತವು ಸುಮಾರು 13 ತಿಂಗಳಲ್ಲಿ ಹಿಂದಿರುಗಿ, ಅನಂತರದ್ದು ಉಳಿತಾಯವಾಗುತ್ತದೆ. ವಿದ್ಯುತ್ ವೆಚ್ಚ ಗಣನೀಯವಲ್ಲ: ಒಂದು ಎಎ ಸೆಲ್ ಒಮ್ಮೆ ಪೂರ್ಣ ಚಾರ್ಜ್ ಆಗಲು 4 ವ್ಯಾಟ್-ಅವರ್ ಬೇಕೆಂದು ಹಿಡಿದರೂ ಒಂದು ಯೂನಿಟ್ ವಿದ್ಯುತ್ತಿನಲ್ಲಿ 250 ಬಾರಿ ಚಾರ್ಜ್ ಮಾಡಬಹುದಾಗಿದೆ.

ಆದರೆ ವರ್ಷಕ್ಕೆ ಎರಡು ಸೆಲ್ ಮಾತ್ರ ಬೇಡುವ ಗೋಡೆ ಗಡಿಯಾರ ಅಥವಾ ರಿಮೋಟ್‌ಗಾಗಿ ಇಷ್ಟು ಹಣ ವ್ಯಯಿಸುವುದು ಮಿತವ್ಯಯವಲ್ಲ. ಅವುಗಳಿಗೆ ಸಾಮಾನ್ಯ ಸೆಲ್ ಸಾಕು.

4. ಸಾಮರ್ಥ್ಯದ ಸಂಖ್ಯೆಯನ್ನು ಪರಿಶೀಲಿಸುವುದು

ಸಾಮರ್ಥ್ಯವನ್ನು ಮಿಲಿಆಂಪಿಯರ್-ಅವರ್‌ನಲ್ಲಿ ಮುದ್ರಿಸಲಾಗಿರುತ್ತದೆ. ನಿಕಲ್ ಎಎ ಸೆಲ್‌ಗೆ ಸುಮಾರು 2,000ದಿಂದ 2,500, ಎಎಎ ಸೆಲ್‌ಗೆ ಸುಮಾರು 750ರಿಂದ 1,000 ವಾಸ್ತವಿಕ ಪ್ರಮಾಣ. ಎಎ ಸೆಲ್ ಮೇಲೆ 4,000 ಅಥವಾ ಟಾರ್ಚ್‌ನ 18650 ಅಳತೆಯ ಲಿಥಿಯಂ ಸೆಲ್ ಮೇಲೆ 9,900 ಎಂದು ಮುದ್ರಿಸಿದ್ದಲ್ಲಿ ಅದನ್ನು ನಂಬಬಾರದು.

10,000 ಎಂದು ನಮೂದಿಸಿದ ಪವರ್ ಬ್ಯಾಂಕ್ ಅಷ್ಟನ್ನೂ ಮೊಬೈಲ್‌ಗೆ ನೀಡುವುದಿಲ್ಲ. ಆ ಸಂಖ್ಯೆ ಒಳಗಿನ 3.7 ವೋಲ್ಟ್ ಸೆಲ್‌ಗೆ ಸಂಬಂಧಿಸಿದ್ದು, 5 ವೋಲ್ಟ್‌ಗೆ ಪರಿವರ್ತಿಸಿದಾಗ ಅದು 7,400 ಮಾತ್ರ ಆಗುತ್ತದೆ. ಪರಿವರ್ತನೆಯ ನಷ್ಟದಿಂದ ಇನ್ನೂ ಕಡಿಮೆಯಾಗುತ್ತದೆ. ಇದು ದೋಷವಲ್ಲ. ಪೆಟ್ಟಿಗೆಯ ಮೇಲೆ ಪ್ರತ್ಯೇಕವಾಗಿ ನಮೂದಿಸಿದ ಹೊರಹರಿವಿನ ಸಾಮರ್ಥ್ಯವನ್ನು ಹೋಲಿಸಿ ಕೊಳ್ಳತಕ್ಕದ್ದು.

5. ಚಾರ್ಜರ್ ಆಯ್ಕೆ

ಸೆಲ್‌ಗಳು ಬೇಗ ಹಾಳಾಗಲು ಅಸಮರ್ಪಕ ಚಾರ್ಜರ್ ಪ್ರಮುಖ ಕಾರಣವಾಗಿರುತ್ತದೆ. ಅಗ್ಗದ ನಿಧಾನಗತಿ ಚಾರ್ಜರ್ ತಾನಾಗಿ ನಿಲ್ಲುವುದಿಲ್ಲ. ಉದಾಹರಣೆಗೆ 2,000 ಸಾಮರ್ಥ್ಯದ ಸೆಲ್‌ಗೆ 200 ಮಿಲಿಆಂಪಿಯರ್ ನೀಡುವ ಚಾರ್ಜರ್‌ನಲ್ಲಿ 14ರಿಂದ 16 ಗಂಟೆ ಬೇಕಾಗುತ್ತದೆ ಮತ್ತು ಬಳಕೆದಾರರೇ ಸಮಯ ನೋಡಿ ತೆಗೆಯಬೇಕು. ಪ್ರತಿ ಸೆಲ್ ತುಂಬಿದ್ದನ್ನು ಗುರುತಿಸಿ ತಾನಾಗಿ ನಿಲ್ಲುವ ಚಾರ್ಜರ್‌ಗೆ ದರ ಹೆಚ್ಚಿದ್ದರೂ ಸೆಲ್‌ಗಳ ಆಯುಷ್ಯ ಉಳಿಯುವುದರಿಂದ ಅದೇ ಮಿತವ್ಯಯಕರ. ಸೆಲ್‌ಗಳಿಗೆ ಹಣ ಉಳಿಸಲು ಚಾರ್ಜರ್‌ನಲ್ಲಿ ರಾಜಿ ಮಾಡಿಕೊಳ್ಳಬಾರದು. ಒಂದೇ ಉಪಕರಣದಲ್ಲಿ ಹಳೆಯ ಮತ್ತು ಹೊಸ ಸೆಲ್‌ಗಳನ್ನು ಬೆರೆಸಬಾರದು.

6. ಖರೀದಿಗೆ ಮುನ್ನ ನೋಡಬೇಕಾದ ಗುರುತುಗಳು

ಅ) ಪೋರ್ಟಬಲ್ ಉಪಕರಣಗಳಲ್ಲಿ ಬಳಸುವ ನಿಕಲ್ ಮತ್ತು ಲಿಥಿಯಂ ರೀಚಾರ್ಜಬಲ್ ಸೆಲ್‌ಗಳು, ಪವರ್ ಬ್ಯಾಂಕ್ ಹಾಗೂ ಮೊಬೈಲ್ ಅಡಾಪ್ಟರ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಯೋಜನೆಗೆ ಒಳಪಟ್ಟಿರುತ್ತವೆ. ಸೆಲ್‌ಗಳಿಗೆ ಐಎಸ್ 16046 ಮಾನಕವು ಅನ್ವಯಿಸುತ್ತದೆ. ಸದರಿ ವಸ್ತುವಿನ ಮೇಲೆ ಅಥವಾ ಹೊದಿಕೆಯ ಮೇಲೆ ಬ್ಯೂರೋದ ಗುರುತು, ಐಎಸ್ ಸಂಖ್ಯೆ ಮತ್ತು 'ಆರ್-' ಎಂದು ಆರಂಭವಾಗುವ 8 ಅಂಕಿಗಳ ನೋಂದಣಿ ಸಂಖ್ಯೆ ಇರತಕ್ಕದ್ದು.

ಆ) ಈ ಸಂಖ್ಯೆಯನ್ನು ಅಂಗಡಿಯಲ್ಲಿಯೇ ನಿಂತು 'ಬಿಐಎಸ್ ಕೇರ್' ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದಾಗಿದೆ. ಆ್ಯಪ್ ತೋರಿಸುವ ತಯಾರಕರ ಹೆಸರು ಮತ್ತು ಬ್ರ್ಯಾಂಡ್ ಪೆಟ್ಟಿಗೆಯ ಮೇಲಿನದಕ್ಕೆ ತಾಳೆಯಾಗದಿದ್ದಲ್ಲಿ ಕೊಳ್ಳಬಾರದು.

ಇ) ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು, 2011ರ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರತಕ್ಕದ್ದು. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ.

ಈ) ಬಿಲ್ಲನ್ನು ತಪ್ಪದೆ ಪಡೆಯತಕ್ಕದ್ದು. ಬಡಾವಣೆಯ ಅಂಗಡಿಯಾಗಲಿ, ಮೆಟ್ರೋದ ಹಸಿರು ಮಾರ್ಗದಲ್ಲಿ ಹೋಗಿ ತಲುಪುವ ಚಿಕ್ಕಪೇಟೆಯ ಸಮೀಪದ ಎಸ್.ಪಿ. ರಸ್ತೆಯ ಮಾರುಕಟ್ಟೆಯಾಗಲಿ ಈ ನಿಯಮದಲ್ಲಿ ವ್ಯತ್ಯಾಸವಿಲ್ಲ. ಬಿಲ್ ನೀಡದಿರುವುದು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

7. ಸುರಕ್ಷತಾ ಸೂಚನೆಗಳು

• ಒಂದೇ ಕೋಣೆ ಮತ್ತು ಒಂದೇ ಬಾಗಿಲಿರುವ ಬಾಡಿಗೆ ಮನೆಗಳಲ್ಲಿ ಬಾಗಿಲ ಬಳಿ ಯಾವುದನ್ನೂ ಚಾರ್ಜ್‌ಗೆ ಇಡಬಾರದು. ಬೆಂಕಿ ಹೊತ್ತಿದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.
• ದಿಂಬು, ಹಾಸಿಗೆ, ಬಟ್ಟೆಗಳ ಮೇಲೆ ಅಥವಾ ಕೆಳಗೆ ಇಟ್ಟು ಚಾರ್ಜ್ ಮಾಡಬಾರದು. ಗಟ್ಟಿ ನೆಲ ಅಥವಾ ಕಲ್ಲಿನ ಹಲಗೆಯ ಮೇಲೆ ಇಡತಕ್ಕದ್ದು.
• ರೀಚಾರ್ಜಬಲ್ ಎಂದು ನಮೂದಿಸದ ಸಾಮಾನ್ಯ ಸೆಲ್‌ಗಳನ್ನು ಚಾರ್ಜ್ ಮಾಡಬಾರದು. ಅವು ಸೋರಬಹುದು ಅಥವಾ ಸಿಡಿಯಬಹುದು.
• ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಬಳಸುವುದಾಗಲಿ, ಒತ್ತುವುದಾಗಲಿ, ಚುಚ್ಚುವುದಾಗಲಿ ಕೂಡದು.
• ಬೆಂಕಿ ಕಂಡಲ್ಲಿ ಮೊದಲು ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡತಕ್ಕದ್ದು.

8. ಹಳೆಯ ಬ್ಯಾಟರಿಗಳ ವಿಲೇವಾರಿ

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಇತರ ತ್ಯಾಜ್ಯದಿಂದ ಬೇರ್ಪಡಿಸಿ ಸಂಗ್ರಹಣೆ ಅಥವಾ ಮರುಬಳಕೆ ಸಂಸ್ಥೆಗೆ ನೀಡುವುದು ಗ್ರಾಹಕರ ಹೊಣೆಯಾಗಿರುತ್ತದೆ. ಬ್ಯಾಟರಿಯ ಮೇಲಿನ ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿಹ್ನೆಯ ಅರ್ಥವೂ ಇದೇ ಆಗಿದೆ. ಲಿಥಿಯಂ ಬ್ಯಾಟರಿಗಳ ತುದಿಗಳಿಗೆ ಟೇಪ್ ಅಂಟಿಸಿ ನೀಡುವುದು ಕ್ಷೇಮಕರ. ಕಸದ ವಾಹನದಲ್ಲಿ ಜಜ್ಜಿದ ಬ್ಯಾಟರಿಯಿಂದ ಪೌರಕಾರ್ಮಿಕರಿಗೆ ಅಪಾಯ ಉಂಟಾಗುತ್ತದೆ.

9. ದೂರು ಸಲ್ಲಿಸುವ ವಿಧಾನ

ಅ) ಮೊದಲು ಬಿಲ್ ಸಹಿತ ಮಾರಾಟಗಾರರನ್ನು ಸಂಪರ್ಕಿಸತಕ್ಕದ್ದು. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದಲ್ಲಿ, ದೋಷಯುಕ್ತ ವಸ್ತುವನ್ನು 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

ಆ) ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿದೆ.

ಇ) ನೋಂದಣಿ ಸಂಖ್ಯೆ ಇಲ್ಲದ ಅಥವಾ ನಕಲಿ ಗುರುತಿನ ವಸ್ತುಗಳ ಬಗ್ಗೆ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅಥವಾ ಪೀಣ್ಯ 1ನೇ ಹಂತದಲ್ಲಿ ತುಮಕೂರು ರಸ್ತೆಯಲ್ಲಿರುವ ಬ್ಯೂರೋದ ಬೆಂಗಳೂರು ಶಾಖಾ ಕಚೇರಿಗೆ ದೂರು ನೀಡಬಹುದು. ಹೆಚ್ಚಿನ ಬೆಲೆ ಪಡೆದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.

ಈ) ಇವುಗಳಿಂದ ಪರಿಹಾರವಾಗದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಖುದ್ದಾಗಿ ಅಥವಾ 2025ರ ಜನವರಿಯಲ್ಲಿ ಆರಂಭಗೊಂಡ 'ಇ-ಜಾಗೃತಿ' ಜಾಲತಾಣದ ಮೂಲಕ ದೂರು ಸಲ್ಲಿಸಬಹುದಾಗಿದೆ. ವಸ್ತುವಿಗೆ ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ಲಗತ್ತಿಸಬೇಕಾದ ದಾಖಲೆಗಳು: ಬಿಲ್ಲಿನ ಪ್ರತಿ, ವಾರಂಟಿ ಕಾರ್ಡ್ ಇದ್ದಲ್ಲಿ ಅದರ ಪ್ರತಿ, ನೋಂದಣಿ ಸಂಖ್ಯೆ ಕಾಣುವಂತೆ ವಸ್ತುವಿನ ಹಾಗೂ ಪೆಟ್ಟಿಗೆಯ ಛಾಯಾಚಿತ್ರ, ಮಾರಾಟಗಾರರೊಂದಿಗೆ ನಡೆದ ಪತ್ರವ್ಯವಹಾರ ಅಥವಾ ಸಂದೇಶಗಳು. ಆದುದರಿಂದ ವಾರಂಟಿ ಅವಧಿ ಮುಗಿಯುವವರೆಗೆ ಪೆಟ್ಟಿಗೆ ಮತ್ತು ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.